ಲುಕ್ಲಾಕ್ಕೆ ಎಲ್ಲಿಂದ ಹಾರೋದು? ಮಂಥಲಿ, ಕಠ್ಮಂಡು, ಹೆಲಿಕಾಪ್ಟರ್, ಜೀಪು

ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೋಗಬೇಕು ಅಂತ ಶೂ ತಗೊಂಡು, ತಿಂಗಳುಗಟ್ಟಲೆ ಮೆಟ್ಟಿಲು ಹತ್ತಿ ಇಳಿದು, ಆಫೀಸಿನಲ್ಲಿ ರಜೆ ಮಂಜೂರು ಮಾಡಿಸಿಕೊಂಡು ತಯಾರಾದವರಿಗೆ ಎಷ್ಟೋ ಸಲ ಕೊನೆಗೆ ಗೊತ್ತಾಗುವ ಸಂಗತಿ ಒಂದಿದೆ. ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಹೋದರೆ ನಡಿಗೆ ಶುರುವಾಗುವ ಊರಾದ ಲುಕ್ಲಾಕ್ಕೆ ಹೋಗುವ ವಿಮಾನ ಸಾಮಾನ್ಯವಾಗಿ ಕಠ್ಮಂಡುವಿನಿಂದ ಹೊರಡೋದಿಲ್ಲ. ನಡುರಾತ್ರಿ ಎದ್ದು, ವ್ಯಾನ್ ಹತ್ತಿ, ನಾಲ್ಕೈದು ಗಂಟೆ ಗುಡ್ಡ ಸುತ್ತಿಕೊಂಡು ಮಂಥಲಿ ಅನ್ನುವ ಊರಿಗೆ ಹೋಗಬೇಕು. ಅಲ್ಲಿಂದ ಹಾರಾಟ ಬರೀ 15ರಿಂದ 20 ನಿಮಿಷ. ಇಷ್ಟು ಸಣ್ಣ ಹಾರಾಟಕ್ಕೆ ಇಷ್ಟು ದೊಡ್ಡ ಪಾಡು ಯಾಕೆ, ಬೇರೆ ದಾರಿ ಇಲ್ವಾ ಅಂತ ಎಲ್ಲರೂ ಕೇಳುತ್ತಾರೆ. ದಾರಿ ಇದೆ, ನಾಲ್ಕು ಇವೆ. ಯಾವುದು ಯಾರಿಗೆ ಒಗ್ಗುತ್ತದೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಜಿಲ್ಲೆಯ ಹೆಸರು ರಾಮೇಛಾಪ್, ಅದರ ಮುಖ್ಯ ಊರು ಮಂಥಲಿ. ಟಿಕೆಟ್ ಮೇಲೆ ರಾಮೇಛಾಪ್ ಅಂತಿರುತ್ತದೆ, ವ್ಯಾನ್ ಡ್ರೈವರ್ ಮಂಥಲಿ ಅನ್ನುತ್ತಾನೆ. ಎರಡೂ ಒಂದೇ ಏರ್‌ಪೋರ್ಟ್. ಬುಕ್ ಮಾಡುವಾಗ ಹೊರಡುವ ಜಾಗದ ಕೋಡ್ ನೋಡಿ: ಆರ್‌ಎಚ್‌ಪಿ ಅಂತಿದ್ದರೆ ಮಂಥಲಿ, ಕೆಟಿಎಂ ಅಂತಿದ್ದರೆ ಕಠ್ಮಂಡು. ಏಜೆಂಟ್ ಬಾಯಿಮಾತಲ್ಲಿ "ಕಠ್ಮಂಡು ಟು ಲುಕ್ಲಾ" ಅಂದಿದ್ದನ್ನು ನಂಬಬೇಡಿ. ಅದು ಪ್ಯಾಕೇಜ್ ಮಾರುವ ಮಾತು. ಹಾರೋದು ಟಿಕೆಟ್‌ನಲ್ಲಿ ಬರೆದಿರುವ ಜಾಗದಿಂದಲೇ.

ದೂರ ಎಷ್ಟು, ಹೊತ್ತು ಎಷ್ಟು

ಮಂಥಲಿಯಿಂದ ಲುಕ್ಲಾಕ್ಕೆ ನೇರ ಗೆರೆ ಎಳೆದರೆ ಸುಮಾರು 74 ಕಿಲೋಮೀಟರ್. ಬೆಂಗಳೂರಿನಿಂದ ತುಮಕೂರಿಗೆ ರಸ್ತೆಯಲ್ಲಿ ಹೋದಷ್ಟು. ಕಠ್ಮಂಡುವಿನಿಂದ ಲುಕ್ಲಾಕ್ಕೆ ಸುಮಾರು 135 ಕಿಲೋಮೀಟರ್, ಹಾರಾಟ 30ರಿಂದ 35 ನಿಮಿಷ. ಕಾಗದದ ಮೇಲೆ ಉಳಿಯೋದು ಹೆಚ್ಚೆಂದರೆ ಕಾಲು ಗಂಟೆ. ಆ ಕಾಲು ಗಂಟೆ ಉಳಿಸೋಕೆ ನಾಲ್ಕೈದು ಗಂಟೆ ರಸ್ತೆಯಲ್ಲಿ ಕಳೆಯೋದು ಹುಚ್ಚು ಅನ್ನಿಸುತ್ತದೆ, ಅಲ್ವಾ? ಪ್ರಯಾಣಿಕನ ಕಡೆಯಿಂದ ನೋಡಿದರೆ ಹುಚ್ಚೇ. ವಿಮಾನ ಓಡಿಸುವವರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಎರಡು ಏರ್‌ಪೋರ್ಟ್ ಹೆಸರು ಹಾಕಿದರೆ ದೂರ, ಹಾರಾಟದ ಸಮಯ ಎರಡನ್ನೂ ತೋರಿಸುವ ಸೈಟ್‌ಗಳಿವೆಯಲ್ಲ, ಅವು ಇಂಥ ಪುಟ್ಟ ಏರ್‌ಪೋರ್ಟ್‌ಗಳ ವಿಷಯದಲ್ಲಿ ದಾರಿ ತಪ್ಪಿಸುತ್ತವೆ. ದೂರ ಸರಿ ಇರುತ್ತದೆ, ಸಮಯ ಇರೋದಿಲ್ಲ. ಹಲವು ಸೈಟ್‌ಗಳು ಜೆಟ್ ವಿಮಾನದ ವೇಗ ಅಂತ ಗಂಟೆಗೆ 800 ಕಿಲೋಮೀಟರ್ ಹಿಡಿದು, ಹತ್ತೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿ ಉತ್ತರ ಕೊಡುತ್ತವೆ. ಆ ಲೆಕ್ಕದಲ್ಲಿ ಮಂಥಲಿಯಿಂದ 36 ನಿಮಿಷ, ಕಠ್ಮಂಡುವಿನಿಂದ 40 ನಿಮಿಷ ಬರುತ್ತದೆ. ವ್ಯತ್ಯಾಸ ನಾಲ್ಕೇ ನಿಮಿಷ! ಲುಕ್ಲಾಕ್ಕೆ ಜೆಟ್ ಹೋಗೋದಿಲ್ಲ. ಹೋಗೋದು ಟ್ವಿನ್ ಆಟರ್, ಡೋರ್ನಿಯರ್ 228 ಥರದ ಪುಟ್ಟ ಪ್ರೊಪೆಲರ್ ವಿಮಾನಗಳು. (ಡೋರ್ನಿಯರ್ 228 ಅಂದರೆ ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ಲೈಸೆನ್ಸ್ ಮೇಲೆ ತಯಾರಿಸುವ ಅದೇ ಮಾದರಿ.) ಟ್ವಿನ್ ಆಟರ್ ಗಂಟೆಗೆ ಹೆಚ್ಚುಕಡಿಮೆ 270 ಕಿಲೋಮೀಟರ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. 74 ಕಿಲೋಮೀಟರ್‌ಗೆ 16–17 ನಿಮಿಷ, 135ಕ್ಕೆ ಅರ್ಧ ಗಂಟೆ. ಲೆಕ್ಕ ಸರಿಹೋಯ್ತು ನೋಡಿ.

ಹಾಗಂತ ನೇರ ಗೆರೆಯಲ್ಲೇ ಹೋಗುತ್ತದೆ ಅಂತಲ್ಲ. ಮಂಥಲಿ ಇರೋದು ತಾಮಾಕೋಸಿ ನದಿ ದಂಡೆಯಲ್ಲಿ, ಸಮುದ್ರಮಟ್ಟದಿಂದ ಬರೀ 474 ಮೀಟರ್ ಎತ್ತರದಲ್ಲಿ. ಲುಕ್ಲಾ 2,845 ಮೀಟರ್. ನಡುವೆ ಲಾಮ್‌ಜುರಾ ಬೆಟ್ಟಸಾಲು ಅಡ್ಡ ಇದೆ, ಅದರ ಕಣಿವೆದಾರಿಯೇ 3,500 ಮೀಟರ್ ದಾಟುತ್ತದೆ. ಅಂದರೆ ಆ ಕಾಲು ಗಂಟೆಯಲ್ಲಿ ಹೆಚ್ಚಿನ ಹೊತ್ತು ವಿಮಾನ ಹತ್ತುತ್ತಲೇ ಇರುತ್ತದೆ. ಮೋಡ ಎಲ್ಲಿದೆ ಅಂತ ನೋಡಿಕೊಂಡು ಪೈಲಟ್ ಒಂದಿಷ್ಟು ಆಚೆ ಈಚೆ ಸುತ್ತಿಕೊಂಡೂ ಹೋಗಬಹುದು. ಹೋಗುವಾಗ ಎಡಗಡೆ ಕಿಟಕಿ ಸಿಕ್ಕರೆ ಹಿಮಾಲಯ ಕಾಣುತ್ತದೆ, ಬರುವಾಗ ಬಲಗಡೆ. ಸೀಟು ನಂಬರ್ ಸಾಮಾನ್ಯವಾಗಿ ಇರೋದಿಲ್ಲ, ಮೊದಲು ಹತ್ತಿದವರಿಗೆ ಮೊದಲ ಸೀಟು.

ಯಾಕೆ ಮಂಥಲಿ?

ಕಠ್ಮಂಡುವಿನ ತ್ರಿಭುವನ್ ಏರ್‌ಪೋರ್ಟ್‌ನಲ್ಲಿ ರನ್‌ವೇ ಒಂದೇ. ದೆಹಲಿ, ದುಬೈ, ದೋಹಾ ಕಡೆಯ ದೊಡ್ಡ ವಿಮಾನಗಳೂ ಅದರಲ್ಲೇ, ಪೋಖರಾಕ್ಕೆ ಹೋಗುವವೂ ಅದರಲ್ಲೇ, ಲುಕ್ಲಾಕ್ಕೆ ಹೋಗುವ ಪುಟ್ಟ ವಿಮಾನವೂ ಅದರಲ್ಲೇ. 2019ರಲ್ಲಿ ಅಲ್ಲಿ ರನ್‌ವೇ ರಿಪೇರಿ ನಡೆದಾಗ ಲುಕ್ಲಾ ವಿಮಾನಗಳನ್ನು ಮಂಥಲಿಗೆ ಸಾಗಹಾಕಿದರು. ರಿಪೇರಿ ಮುಗಿದರೂ ಆ ರೂಢಿ ಉಳಿದುಕೊಂಡಿತು. ಮಾರ್ಚ್ ಕೊನೆಯಿಂದ ಮೇವರೆಗೆ, ಅಕ್ಟೋಬರ್–ನವೆಂಬರ್‌ನಲ್ಲಿ, ಅಂದರೆ ಟ್ರೆಕ್ಕಿಂಗ್ ಸೀಸನ್‌ನಲ್ಲಿ ಲುಕ್ಲಾ ವಿಮಾನಗಳು ಹೆಚ್ಚಾಗಿ ಮಂಥಲಿಯಿಂದಲೇ. ಉಳಿದ ತಿಂಗಳುಗಳಲ್ಲಿ ಕಠ್ಮಂಡುವಿನಿಂದ.

ಇದರ ಹಿಂದಿನ ಗುಟ್ಟು ಲುಕ್ಲಾದ ಬೆಳಗು. ಅಲ್ಲಿ ಉಪಕರಣ ನೋಡಿಕೊಂಡು ಇಳಿಯುವ ಸೌಲಭ್ಯ ಇಲ್ಲ, ಪೈಲಟ್‌ಗೆ ರನ್‌ವೇ ಕಣ್ಣಿಗೆ ಕಾಣಲೇಬೇಕು. ಬೆಳಿಗ್ಗೆ ಆರರಿಂದ ಹತ್ತು, ಹತ್ತೂವರೆವರೆಗೆ ಆಕಾಶ ತಿಳಿಯಾಗಿರುತ್ತದೆ, ಗಾಳಿ ಕಡಿಮೆ. ಆಮೇಲೆ ಕಣಿವೆಯಿಂದ ಗಾಳಿ ಏಳುತ್ತದೆ, ಮೋಡ ಮೇಲೆ ಬರುತ್ತದೆ, ಮಧ್ಯಾಹ್ನದ ಮೇಲೆ ವಿಮಾನ ಬರೋದು ಅಪರೂಪ. ಈಗ ನೀವೇ ಲೆಕ್ಕ ಹಾಕಿ. ಕಠ್ಮಂಡುವಿನಿಂದ ಹೋಗಿ, ಜನ ಇಳಿಸಿ ಹತ್ತಿಸಿ, ವಾಪಸ್ ಬಂದು, ಮತ್ತೆ ಹೊರಡೋಕೆ ಒಂದು ವಿಮಾನಕ್ಕೆ ನೂರು ನಿಮಿಷವಾದರೂ ಬೇಕು. ಅದೂ ತ್ರಿಭುವನ್‌ನಲ್ಲಿ ಸರದಿ ಕಾಯಿಸದಿದ್ದರೆ. ಮಂಥಲಿಯಿಂದಾದರೆ ಒಂದು ಗಂಟೆಯೊಳಗೆ ಒಂದು ಸುತ್ತು ಮುಗಿಯುತ್ತದೆ. ನಾಲ್ಕೂವರೆ ಗಂಟೆಯ ಬೆಳಗಿನಲ್ಲಿ ಅಲ್ಲಿ ಎರಡು ಸುತ್ತು, ಹೆಚ್ಚೆಂದರೆ ಮೂರು. ಇಲ್ಲಿ ನಾಲ್ಕು, ಐದು. ಲುಕ್ಲಾದಲ್ಲಿ ವಿಮಾನ ನಿಲ್ಲೋಕೆ ಇರುವ ಜಾಗವೂ ನಾಲ್ಕು ಪುಟ್ಟ ವಿಮಾನಗಳಿಗೆ ಮಾತ್ರ. ಹಾಗಾಗಿ ಇಳಿಸಿ, ಹತ್ತಿಸಿ, ಐದತ್ತು ನಿಮಿಷದಲ್ಲಿ ಹೊರಟುಬಿಡುತ್ತಾರೆ.

ಆದ್ದರಿಂದ ಮಂಥಲಿಯನ್ನು ಹಾರಾಟದ 15 ನಿಮಿಷ ಉಳಿತಾಯ ಅಂತ ನೋಡಬೇಡಿ. ನಿಮ್ಮ ಸರದಿ ಆ ದಿನವೇ ಬರುವ ಸಾಧ್ಯತೆ ಎಷ್ಟು ಅಂತ ನೋಡಿ. ಸೀಸನ್‌ನಲ್ಲಿ ಆ ಸಾಧ್ಯತೆ ಮಂಥಲಿಯಲ್ಲಿ ಜಾಸ್ತಿ. ನಾನು ಈ ನಾಲ್ಕು ದಾರಿಗಳನ್ನು ಹೋಲಿಸೋದೂ ಅದೇ ಅಳತೆಯಿಂದ: ಇಂಥ ದಿನ ಲುಕ್ಲಾದಲ್ಲಿ ಇರಬೇಕು ಅಂದರೆ ಯಾವುದು ಹೆಚ್ಚು ಖಾತ್ರಿ? ಗಂಟೆ, ನಿಮಿಷ ಆಮೇಲಿನ ಮಾತು.

ಮಂಥಲಿ ರಸ್ತೆ ಅಂದರೆ ಏನು

ಕಠ್ಮಂಡುವಿನಿಂದ ಮಂಥಲಿಗೆ ರಸ್ತೆಯಲ್ಲಿ ಸುಮಾರು 130 ಕಿಲೋಮೀಟರ್. ಧುಲಿಖೇಲ್ ದಾಟಿ ಬಿ.ಪಿ. ಹೆದ್ದಾರಿ ಹಿಡಿದು, ಖುರ್ಕೋಟ್ ಹತ್ತಿರ ತಿರುಗಿ, ನದಿಯ ಪಕ್ಕ ಮೇಲಕ್ಕೆ ಹೋಗಬೇಕು. ಜಪಾನ್ ನೆರವಿನಿಂದ ಕಟ್ಟಿದ ರಸ್ತೆ ಇದು. ಕಟ್ಟಿದ ಕೆಲಸ ಚೆನ್ನಾಗಿತ್ತು, ಆದರೆ ಅಗಲ ಕಡಿಮೆ, ತಿರುವುಗಳಿಗೆ ಲೆಕ್ಕವಿಲ್ಲ. ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡುವವರು ಇಲ್ಲಿ ಖಂಡಿತ ಮಾಡುತ್ತಾರೆ, ಮಾತ್ರೆ ಇಟ್ಟುಕೊಳ್ಳಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಪ್ರವಾಹ ರೋಶಿ ಹೊಳೆಯ ಪಕ್ಕದ ಭಾಗವನ್ನು ಉದ್ದುದ್ದಕ್ಕೆ ಕೊಚ್ಚಿಕೊಂಡು ಹೋಯಿತು. ಆಮೇಲೆ ಎಷ್ಟೋ ಕಡೆ ಹೊಳೆಯ ಪಾತ್ರದಲ್ಲೇ ಕಲ್ಲುಮಣ್ಣಿನ ದಾರಿ ಮಾಡಿ ಗಾಡಿ ಬಿಟ್ಟರು. ಜೋರು ಮಳೆ ಬಂದರೆ ಅದೂ ಮುಚ್ಚುತ್ತದೆ. ಹೊರಡುವ ಹಿಂದಿನ ದಿನ ರಸ್ತೆ ಹೇಗಿದೆ ಅಂತ ಕೇಳಿಕೊಳ್ಳಲೇಬೇಕು. ನಾಲ್ಕು ಗಂಟೆ ಅಂತ ಏಜೆಂಟ್ ಹೇಳಿದರೆ ನೀವು ಐದೂವರೆ ಅಂತ ಬರೆದುಕೊಳ್ಳಿ.

ಹೋಗುವ ಬಗೆ ಎರಡು. ಒಂದು, ಎಲ್ಲರೂ ಮಾಡುವ ಹಾಗೆ ರಾತ್ರಿ ಒಂದೂವರೆ, ಎರಡಕ್ಕೆ ಕಠ್ಮಂಡುವಿನ ಪ್ರವಾಸಿಗರ ಬಡಾವಣೆ ಥಮೇಲ್‌ನಿಂದ ವ್ಯಾನ್ ಹತ್ತೋದು. ಬೆಳಿಗ್ಗೆ ಆರು, ಏಳಕ್ಕೆ ಮಂಥಲಿ. ಇನ್ನೊಂದು, ಹಿಂದಿನ ದಿನ ಮಧ್ಯಾಹ್ನವೇ ಹೊರಟು ಮಂಥಲಿಯಲ್ಲಿ ರಾತ್ರಿ ಉಳಿಯೋದು. ನನ್ನ ಓಟು ಎರಡನೆಯದಕ್ಕೇ, ಅದರಲ್ಲಿ ಅನುಮಾನ ಇಲ್ಲ. ಕಾರಣ ಮೂರು ಇವೆ. ಕೆಟ್ಟ ರಸ್ತೆಯಲ್ಲಿ ಹಗಲು ಪ್ರಯಾಣ ಕ್ಷೇಮ. ಬೆಳಗಿನ ಮೊದಲ ವಿಮಾನಕ್ಕೆ ಟಿಕೆಟ್ ತಗೊಂಡು ಧೈರ್ಯವಾಗಿ ಮಲಗಬಹುದು. ಮೂರನೆಯದು, ಇದನ್ನು ಯಾರೂ ಹೇಳೋದಿಲ್ಲ: ರಾತ್ರಿಯಿಡೀ ನಿದ್ದೆಗೆಟ್ಟು, ವಾಂತಿ ಮಾಡಿಕೊಂಡು, ನೀರು ಕುಡಿಯದೆ ಬಂದವರು 2,845 ಮೀಟರ್‌ನಲ್ಲಿ ಇಳಿದು ಅವತ್ತೇ ನಡೆಯೋಕೆ ಶುರು ಮಾಡುತ್ತಾರೆ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಕರ್ನಾಟಕದಲ್ಲಿ ಎಲ್ಲಿ ಹತ್ತಿದರೂ ಅಷ್ಟು ಎತ್ತರ ನಮ್ಮ ಮೈಗೆ ಗೊತ್ತಿಲ್ಲ. ಮೊದಲ ದಿನವೇ ತಲೆನೋವು ಬಂದರೆ ಅದು ಎತ್ತರದ್ದೋ ನಿದ್ದೆ ಇಲ್ಲದ್ದೋ ಅಂತಲೂ ತಿಳಿಯೋದಿಲ್ಲ.

ಮಂಥಲಿ ಸ್ವಲ್ಪ ಸೆಕೆಯ ಊರು. ದೊಡ್ಡ ಹೋಟೆಲ್ ನಿರೀಕ್ಷೆ ಬೇಡ. ಸಾದಾ ಲಾಡ್ಜ್, ಸೀಸನ್‌ನಲ್ಲಿ ಟೆಂಟ್, ದಾಲ್–ಭಾತ್ ಸಿಗುತ್ತದೆ. ಏರ್‌ಪೋರ್ಟ್ ಅಂದರೆ ಒಂದು ಪುಟ್ಟ ಕಟ್ಟಡ, ಮುಂದೆ ಚೀಲಗಳ ರಾಶಿ, ಸುತ್ತ ನಮ್ಮ ಹಾಗೇ ಆಕಾಶ ನೋಡುತ್ತಾ ನಿಂತ ಜನ.

ಅಲ್ಲಿನ ಒಂದು ಪದ್ಧತಿ ಮಾತ್ರ ಮೊದಲೇ ತಿಳಿದಿರಲಿ. ಇವತ್ತಿನ ನಿಮ್ಮ ವಿಮಾನ ರದ್ದಾದರೆ ನಾಳೆ ಬೆಳಿಗ್ಗೆ ಮೊದಲು ನಿಮ್ಮನ್ನೇ ಹತ್ತಿಸುತ್ತಾರೆ ಅಂದುಕೊಳ್ಳಬೇಡಿ. ನಾಳೆಯ ಟಿಕೆಟ್ ಇದ್ದವರು ನಾಳೆ ಮೊದಲು ಹೋಗುತ್ತಾರೆ, ಉಳಿದ ಸೀಟು ಇದ್ದರೆ ಅಥವಾ ಹೆಚ್ಚುವರಿ ಸುತ್ತು ಹಾಕಿದರೆ ನಿಮಗೆ. ಅದಕ್ಕೇ ದಿನದ ಮೊದಲ ಅಥವಾ ಎರಡನೇ ವಿಮಾನ ಅಂತ ಹಟ ಹಿಡಿದು ಬುಕ್ ಮಾಡಬೇಕು. ಒಂಬತ್ತೂವರೆಯ ಟಿಕೆಟ್ ಕೈಯಲ್ಲಿದ್ದರೆ ಆರಕ್ಕೆ ಬಿದ್ದ ಮಂಜು ನಿಮ್ಮ ದಿನವನ್ನೂ ತಿನ್ನುತ್ತದೆ.

ಕಠ್ಮಂಡುವಿನಿಂದ ನೇರ ಹಾರಾಟ

ಸಿಕ್ಕರೆ ಇದಕ್ಕಿಂತ ಸುಖ ಇಲ್ಲ. ಬೆಳಿಗ್ಗೆ ನಾಲ್ಕೂವರೆ, ಐದಕ್ಕೆ ಹೋಟೆಲ್ ಬಿಟ್ಟು ತ್ರಿಭುವನ್‌ನ ದೇಶೀ ಟರ್ಮಿನಲ್‌ಗೆ ಹೋದರೆ, ಎಲ್ಲ ಸರಿಯಿದ್ದರೆ ಏಳೂವರೆಗೆ ಲುಕ್ಲಾದಲ್ಲಿ ಚಹಾ. ಮನೆ ಬಾಗಿಲಿನಿಂದ ಲೆಕ್ಕ ಹಾಕಿದರೂ ಮೂರು ಗಂಟೆ. ಮಂಥಲಿ ಲೆಕ್ಕದಲ್ಲಿ ಇದೇ ಆರೇಳು ಗಂಟೆ.

"ಎಲ್ಲ ಸರಿಯಿದ್ದರೆ" ಅನ್ನೋದೇ ತೊಡಕು. ನಿಮಗೆ ಎರಡೂ ಕಡೆ ಆಕಾಶ ಒಟ್ಟಿಗೆ ತಿಳಿಯಾಗಿರಬೇಕು. ಡಿಸೆಂಬರ್, ಜನವರಿಯಲ್ಲಿ ಲುಕ್ಲಾದಲ್ಲಿ ಬಿಸಿಲು ಹೊಳೆಯುತ್ತಿದ್ದರೂ ಕಠ್ಮಂಡು ಕಣಿವೆಯಲ್ಲಿ ಬೆಳಗಿನ ಮಂಜು ಕೂತಿರುತ್ತದೆ. ಅದು ಕರಗಿ, ತಡವಾದ ದೊಡ್ಡ ವಿಮಾನಗಳೆಲ್ಲ ಸಾಲು ಮುಗಿಸಿ, ನಿಮ್ಮ ಸರದಿ ಬರುವಷ್ಟರಲ್ಲಿ ಅಲ್ಲಿ ಲುಕ್ಲಾದಲ್ಲಿ ಗಾಳಿ ಎದ್ದಿರುತ್ತದೆ. ಒಂದು ಕಡೆ ಬಾಗಿಲು ತೆರೆಯುವ ಹೊತ್ತಿಗೆ ಇನ್ನೊಂದು ಕಡೆ ಮುಚ್ಚುತ್ತದೆ. ಮಳೆಗಾಲದ ಕಥೆ ಕೇಳಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಗಟ್ಟಲೆ ಮೋಡ.

ಕಠ್ಮಂಡುವಿನಿಂದಲೇ ಹಾರಬೇಕು, ರಸ್ತೆ ಬೇಡವೇ ಬೇಡ ಅನ್ನುವವರು ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರಗಳನ್ನು ನೋಡಿ. ಮಂಥಲಿಯ ಸೀಸನ್ ಮುಗಿದಿರುತ್ತದೆ ಅಥವಾ ಮುಗಿಯುತ್ತಾ ಬಂದಿರುತ್ತದೆ, ಜನಜಂಗುಳಿ ಇಲ್ಲ, ಬೆಟ್ಟಗಳು ಸ್ವಚ್ಛವಾಗಿ ಕಾಣುತ್ತವೆ, ದಟ್ಟ ಮಂಜಿನ ಕಾಲ ಇನ್ನೂ ಪೂರ್ತಿ ಶುರುವಾಗಿರೋದಿಲ್ಲ. ಚಳಿ ಮಾತ್ರ ಕೊರೆಯುತ್ತದೆ, ಮೇಲೆ ಹೋದ ಹಾಗೆ ರಾತ್ರಿ ನೀರಿನ ಬಾಟಲಿ ಗಟ್ಟಿಯಾಗುತ್ತದೆ. ಚಳಿ ತಡೆಯುವವರಿಗೆ ನನ್ನ ಪ್ರಕಾರ ವರ್ಷದಲ್ಲಿ ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಬುಕ್ ಮಾಡುವ ಮುಂಚೆ ಆ ತಾರೀಖಿಗೆ ವಿಮಾನ ಎಲ್ಲಿಂದ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಸೀಸನ್ ಶುರುವಾಗುವ, ಮುಗಿಯುವ ದಿನಗಳು ಪ್ರತಿ ವರ್ಷ ಒಂದಿಷ್ಟು ಹಿಂದೆ ಮುಂದೆ ಆಗುತ್ತವೆ.

ಆ ರನ್‌ವೇ ಬಗ್ಗೆ ಎರಡು ಮಾತು

ಬೆಂಗಳೂರು ಏರ್‌ಪೋರ್ಟ್‌ನ ರನ್‌ವೇ 4,000 ಮೀಟರ್ ಉದ್ದ. ಲುಕ್ಲಾದ್ದು 527 ಮೀಟರ್. ಅದೂ ಸಪಾಟಾಗಿಲ್ಲ, 11.7 ಶೇಕಡಾ ಇಳಿಜಾರು. ಒಂದು ತುದಿಗೂ ಇನ್ನೊಂದು ತುದಿಗೂ ಸುಮಾರು 60 ಮೀಟರ್ ಎತ್ತರದ ವ್ಯತ್ಯಾಸ. ಕೆಳತುದಿಯಲ್ಲಿ ದೂಧ್‌ಕೋಸಿ ಕಣಿವೆ, ಮೇಲ್ತುದಿಯಲ್ಲಿ ಕಲ್ಲಿನ ಗೋಡೆ, ಗೋಡೆಯ ಹಿಂದೆ ಬೆಟ್ಟ. ಇಳಿಯೋದು ಏರುಮುಖವಾಗಿ, ಹಾಗಾಗಿ ವೇಗ ತಾನೇ ತಗ್ಗುತ್ತದೆ. ಹೊರಡೋದು ಇಳಿಮುಖವಾಗಿ, ಹಾಗಾಗಿ ವೇಗ ತಾನೇ ಏರುತ್ತದೆ. ಇಳಿಜಾರು ಇಲ್ಲಿ ಬ್ರೇಕೂ ಹೌದು, ಆಕ್ಸಿಲರೇಟರೂ ಹೌದು. ಇಳಿಯುವಾಗ ಒಂದು ಹಂತ ದಾಟಿದ ಮೇಲೆ ಮತ್ತೆ ಮೇಲೆದ್ದು ಸುತ್ತು ಹೊಡೆಯೋಕೆ ಆಗೋದಿಲ್ಲ.

ಇದನ್ನು ಕಟ್ಟಿಸಿದ್ದು ಎಡ್ಮಂಡ್ ಹಿಲರಿ, 1964ರಲ್ಲಿ. ಕೆಳಗಿನ ಸಮತಟ್ಟು ಗದ್ದೆಗಳಲ್ಲಿ ಮಾಡಬೇಕು ಅಂತ ಮೊದಲು ಯೋಚನೆ ಇತ್ತು, ರೈತರು ಜಮೀನು ಬಿಟ್ಟುಕೊಡಲಿಲ್ಲ, ಹಾಗಾಗಿ ಇಳಿಜಾರಿಗೆ ಬಂತು. 2001ರವರೆಗೆ ಟಾರೂ ಇರಲಿಲ್ಲ, ಮಣ್ಣಿನ ಮೇಲೇ ಇಳಿಯುತ್ತಿದ್ದರು. 2008ರ ಜನವರಿಯಲ್ಲಿ ತೇನ್‌ಸಿಂಗ್–ಹಿಲರಿ ಅಂತ ಹೆಸರಿಟ್ಟರು.

ಅಪಾಯದ ಮಾತನ್ನು ಮುಚ್ಚಿಡೋದು ಸರಿಯಲ್ಲ. 2008ರ ಅಕ್ಟೋಬರ್ 8ರಂದು ಮಂಜಿನಲ್ಲಿ ಇಳಿಯೋಕೆ ಹೋದ ಟ್ವಿನ್ ಆಟರ್ ರನ್‌ವೇ ಅಂಚಿಗೆ ಬಡಿದು 18 ಜನ ಸತ್ತರು, ಉಳಿದಿದ್ದು ಒಬ್ಬ ಪೈಲಟ್ ಮಾತ್ರ. 2019ರ ಏಪ್ರಿಲ್ 14ರಂದು ಹೊರಡುತ್ತಿದ್ದ ವಿಮಾನ ಪಕ್ಕಕ್ಕೆ ತಿರುಗಿ ನಿಂತಿದ್ದ ಹೆಲಿಕಾಪ್ಟರ್‌ಗೆ ಹೊಡೆದು ಮೂವರು ಸತ್ತರು. 2013ರ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ ನೇಪಾಳದ ಎಲ್ಲ ವಿಮಾನ ಕಂಪನಿಗಳನ್ನೂ ತನ್ನ ಕಪ್ಪುಪಟ್ಟಿಗೆ ಸೇರಿಸಿತು. ಮತ್ತೊಂದು ಕಡೆ, ಸೀಸನ್‌ನಲ್ಲಿ ಒಂದೇ ಬೆಳಗಿಗೆ ಹತ್ತಾರು ವಿಮಾನ ಅಲ್ಲಿ ಇಳಿದು ಏರುತ್ತವೆ, ಆ ದಾರಿಯನ್ನೇ ವರ್ಷಗಟ್ಟಲೆ ಹಾರಿದ ಪೈಲಟ್‌ಗಳಿದ್ದಾರೆ. ಹೆದರಿಕೆ ಇದ್ದವರು ವಿಮಾನವನ್ನೇ ಬಿಡಬಹುದು, ಅದಕ್ಕೂ ದಾರಿ ಇದೆ. ಹೋಗುವವರು ಮಾಡಬೇಕಾದ್ದು ಒಂದೇ: ವಿಮಾನ ರದ್ದು ಅಂದಾಗ ಕೌಂಟರ್ ಮುಂದೆ ಗಲಾಟೆ ಮಾಡಬೇಡಿ. ಇಲ್ಲಿ ರದ್ದು ಮಾಡೋದೇ ಸುರಕ್ಷತೆ. ಮಂಥಲಿ, ಕಠ್ಮಂಡು ಎರಡರಲ್ಲಿ ಯಾವುದು ಸೇಫ್ ಅಂತ ಕೆಲವರು ಕೇಳುತ್ತಾರೆ. ಇಳಿಯುವ ರನ್‌ವೇ ಒಂದೇ, ವಿಮಾನಗಳೂ ಅವೇ. ಆ ಅಳತೆಯಲ್ಲಿ ಎರಡಕ್ಕೂ ವ್ಯತ್ಯಾಸ ಹುಡುಕಬೇಡಿ.

ಹೆಲಿಕಾಪ್ಟರ್

ಕಠ್ಮಂಡುವಿನಿಂದ ಲುಕ್ಲಾಕ್ಕೆ ಮುಕ್ಕಾಲು ಗಂಟೆ, ಐದು ಜನ ಕೂರಬಹುದು. ವಿಮಾನಕ್ಕಿಂತ ನಿಧಾನ, ಬೆಲೆ ಮಾತ್ರ ಎರಡು ಮೂರು ಪಟ್ಟು. ಹಾಗಾದರೆ ಯಾಕೆ ಅಂದರೆ, ರನ್‌ವೇ ಬೇಡ, ಗಾಳಿ ಎದ್ದ ಮೇಲೂ ಒಂದಿಷ್ಟು ಹೊತ್ತು ಹಾರುತ್ತದೆ, ಮೋಡದ ನಡುವೆ ಸಂದು ಸಿಕ್ಕರೆ ನುಗ್ಗುತ್ತದೆ. ವಿಮಾನ ನಿಂತ ದಿನವೂ ಹನ್ನೊಂದು ಗಂಟೆಗೆ ಹೆಲಿಕಾಪ್ಟರ್ ಹೋದದ್ದು ಬೇಕಾದಷ್ಟಿದೆ. ಸುತ್ತ ಪೂರ್ತಿ ಮೋಡ ಮುಚ್ಚಿದರೆ ಅದೂ ಹೋಗೋದಿಲ್ಲ. ಹೆಲಿಕಾಪ್ಟರ್ ಅಂದರೆ ಯಾವ ಹವೆಯಲ್ಲೂ ಹಾರುತ್ತದೆ ಅಂತ ಮಾರುವವರು ಹೇಳಿದರೆ ಸುಮ್ನೆ ನಕ್ಕುಬಿಡಿ.

ಮೊದಲೇ ಬುಕ್ ಮಾಡೋದು ದುಡ್ಡಿದ್ದವರ ಮಾತು. ಉಳಿದವರಿಗೆ ಇದು ಆಪತ್ತಿಗೆ ಇಟ್ಟುಕೊಳ್ಳುವ ದಾರಿ. ವಿಮಾನ ರದ್ದಾದ ದಿನ ನಾಲ್ಕೈದು ಅಪರಿಚಿತರು ಸೇರಿ ಹಂಚಿಕೊಂಡು ಹೋಗೋದು ಅಲ್ಲಿ ಮಾಮೂಲು. ಅದಕ್ಕೆ ಬೇಕಾಗುವಷ್ಟು ದುಡ್ಡನ್ನು ಪ್ರವಾಸದ ಲೆಕ್ಕದಲ್ಲಿ ಬೇರೆ ತೆಗೆದಿಡಿ. ಅವತ್ತು ಕೇಳುವ ದರ ಮಾಮೂಲು ದರ ಆಗಿರೋದಿಲ್ಲ.

ಜೀಪು, ಮತ್ತೆ ಕಾಲು

ಈಗ ನನಗೆ ಇಷ್ಟವಾದ ದಾರಿ. ಕಠ್ಮಂಡುವಿನಿಂದ ಸಲ್ಲೇರಿ ಅನ್ನುವ ಬೆಟ್ಟದ ಊರಿಗೆ ಜೀಪಿನಲ್ಲಿ ಒಂದು ಪೂರ್ತಿ ದಿನ, ಹತ್ತು ಹನ್ನೆರಡು ಗಂಟೆ. ಸಲ್ಲೇರಿಯಿಂದ ಮುಂದೆ ಮಣ್ಣಿನ ರಸ್ತೆ ಖರಿಖೋಲಾ ಕಡೆಗೆ ಸಾಗಿ, ಈಚೆಗೆ ಲುಕ್ಲಾದ ಕೆಳಗಿನ ಸುರ್ಕೆವರೆಗೂ ಬಂದಿದೆ. ಅದು ಇನ್ನೊಂದು ದಿನ. ಎಲ್ಲಿವರೆಗೆ ಜೀಪು ಹೋಗುತ್ತದೆ ಅನ್ನೋದು ಮಳೆ, ಕುಸಿತದ ಮೇಲೆ. ಸುರ್ಕೆಯಿಂದ ಲುಕ್ಲಾಕ್ಕೆ ಹತ್ತಲೇಬೇಕು ಅಂತಿಲ್ಲ, ಚೌರಿಖರ್ಕಾ ಮೇಲೆ ಹಾದು ನೇರ ಲುಕ್ಲಾದಿಂದ ಮುಂದಿನ ಫಾಕ್‌ಡಿಂಗ್ ದಾರಿ ಸೇರಬಹುದು. ಎರಡು ದಿನ ಮೈಯ ಕೀಲುಗಳೆಲ್ಲ ಸಡಿಲವಾಗುತ್ತವೆ, ಅದು ನಿಜ. ಬೆನ್ನುನೋವು ಇದ್ದವರು ಈ ಕಡೆ ಬರಬೇಡಿ. ಮಳೆಗಾಲದಲ್ಲಂತೂ ಯಾರೂ ಬೇಡ.

ಆದರೆ ಖಾತ್ರಿಯ ಅಳತೆಯಲ್ಲಿ ನೋಡಿದರೆ, ಒಣ ತಿಂಗಳುಗಳಲ್ಲಿ ಇದನ್ನು ಮೀರಿಸೋದು ಕಷ್ಟ. ಲುಕ್ಲಾದ ಮೋಡ ನಿಮ್ಮನ್ನು ತಡೆಯೋದಿಲ್ಲ. ಎರಡು ದಿನ ಅಂದರೆ ಎರಡು ದಿನ, ಹೆಚ್ಚೆಂದರೆ ಎರಡೂವರೆ. ಖರ್ಚೂ ವಿಮಾನಕ್ಕಿಂತ ಕಡಿಮೆ. ಲಗೇಜ್ ತೂಕದ ತಕರಾರಿಲ್ಲ. ಎತ್ತರಕ್ಕೂ ಮೈ ಮೆಲ್ಲಗೆ ಒಗ್ಗುತ್ತದೆ, ಸಲ್ಲೇರಿ 2,400 ಮೀಟರ್ ಆಸುಪಾಸು, ಅಲ್ಲಿ ಒಂದು ರಾತ್ರಿ ಮಲಗಿ ಮುಂದೆ ಹೋದವರಿಗೆ ಟ್ರೆಕ್ ದಾರಿಯಲ್ಲಿ ಲುಕ್ಲಾ ಆದಮೇಲೆ ಬರುವ ನಾಮ್ಚೆಯ 3,440 ಮೀಟರ್ ಅಷ್ಟು ಕಾಡೋದಿಲ್ಲ.

ಸಲ್ಲೇರಿ ಪಕ್ಕದಲ್ಲೇ ಫಾಪ್ಲು ಅಂತ ಇನ್ನೊಂದು ಪುಟ್ಟ ಏರ್‌ಪೋರ್ಟ್ ಇದೆ. ಫಾಪ್ಲುವಿನಿಂದ ಲುಕ್ಲಾಕ್ಕೆ ನೇರ ಗೆರೆಯಲ್ಲಿ ಬರೀ 24 ಕಿಲೋಮೀಟರ್. ನಡೆದು ಹೋದರೆ ಮೂರು ದಿನ! ಒಂದು ಕಣಿವೆಗೆ ಪೂರ್ತಿ ಇಳಿದು, ಸೇತುವೆ ದಾಟಿ, ಮತ್ತೆ ಪೂರ್ತಿ ಹತ್ತಬೇಕು, ದಾರಿಯಲ್ಲಿ ಹೇಸರಗತ್ತೆಗಳ ಸಾಲು ಎದುರಾದರೆ ಬೆಟ್ಟದ ಬದಿಗೆ ಸರಿದು ನಿಲ್ಲಬೇಕು. (ಕಣಿವೆ ಬದಿಗೆ ನಿಂತರೆ ತಳ್ಳಿಬಿಡುತ್ತವೆ.) ನೇಪಾಳದಲ್ಲಿ ಕಿಲೋಮೀಟರ್ ಕೇಳಿ ಪ್ರಯೋಜನವಿಲ್ಲ ಅನ್ನೋದು ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಫಾಪ್ಲುವಿಗೆ ಕಠ್ಮಂಡುವಿನಿಂದ ವಿಮಾನ ಇದ್ದರೆ ಅಲ್ಲಿವರೆಗೆ ಹಾರಿ ಮುಂದೆ ಜೀಪು ಅಥವಾ ನಡಿಗೆ ಅಂತಲೂ ಮಾಡಬಹುದು, ರಜೆ ಜಾಸ್ತಿ ಇದ್ದವರು. ಇನ್ನೂ ಜಾಸ್ತಿ ಇದ್ದವರಿಗೆ ಜಿರಿಯಿಂದ ನಡೆಯುವ ಹಳೇ ದಾರಿ ಇದ್ದೇ ಇದೆ, ಲುಕ್ಲಾ ತಲುಪೋಕೆ ಒಂದು ವಾರ ಇಟ್ಟುಕೊಳ್ಳಿ.

ಯಾರು ಯಾವುದಕ್ಕೆ ಹೋಗಲಿ

ಐಟಿ ಕೆಲಸದ ಹುಡುಗರು ಹದಿನೈದು ದಿನ ರಜೆ ಹಾಕಿ ಅಕ್ಟೋಬರ್‌ನಲ್ಲಿ ಹೊರಟಿದ್ದಾರೆ ಅಂದರೆ ಮಂಥಲಿಯೇ ಸರಿ, ಹಿಂದಿನ ದಿನವೇ ಹೋಗಿ ಮಲಗಿ, ಮೊದಲ ವಿಮಾನ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ನವೆಂಬರ್ ಕೊನೆಗೆ ಕಠ್ಮಂಡುವಿನಿಂದ ನೇರ ಹಾರಾಟ ನೋಡಿ, ನಾಮ್ಚೆವರೆಗೆ ಹೋಗಿ ಬಂದರೂ ಸಾಕು. ಒಬ್ಬರೇ, ಕಡಿಮೆ ಖರ್ಚಿನಲ್ಲಿ, ತಿಂಗಳು ರಜೆ ಇದ್ದವರು ಹೋಗುವಾಗ ಜೀಪು, ಬರುವಾಗ ವಿಮಾನ ಮಾಡಿ. ಈ ಜೋಡಿ ನನಗೆ ಎಲ್ಲಕ್ಕಿಂತ ಜಾಣತನ ಅನ್ನಿಸುತ್ತದೆ: ಹೋಗುವಾಗ ಮೈ ಒಗ್ಗಬೇಕು, ಖಾತ್ರಿಯಾಗಿ ತಲುಪಬೇಕು, ಬರುವಾಗ ಸುಸ್ತಾಗಿರುತ್ತದೆ, ವಿಮಾನ ರದ್ದಾದರೂ ಕೆಳಗಿಳಿದು ಸುರ್ಕೆಯಲ್ಲಿ ಜೀಪು ಹಿಡಿಯೋಕೆ ದಾರಿ ಗೊತ್ತಿರುತ್ತದೆ.

ಟಿಕೆಟ್ ದರದ ಬಗ್ಗೆ ನಮ್ಮವರಿಗೆ ಒಂದು ಮಾತು. ನೇಪಾಳದ ದೇಶೀ ವಿಮಾನಗಳಲ್ಲಿ ದರ ಮೂರು ಥರ: ನೇಪಾಳಿಗಳಿಗೆ ಒಂದು, ಭಾರತೀಯರಿಗೆ ಒಂದು, ಉಳಿದ ವಿದೇಶಿಯರಿಗೆ ಡಾಲರ್‌ನಲ್ಲಿ ಒಂದು. ಭಾರತೀಯ ದರ ಡಾಲರ್ ದರಕ್ಕಿಂತ ಕಡಿಮೆ. ಪ್ಯಾಕೇಜ್‌ನಲ್ಲಿ ಯಾವ ದರ ಸೇರಿಸಿದ್ದಾರೆ ಅಂತ ಬಿಡಿಸಿ ಕೇಳಿ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಕೈಯಲ್ಲಿರಲಿ. ವಿದೇಶಿ ಪಾಸ್‌ಪೋರ್ಟ್ ತಗೊಂಡ ಕನ್ನಡಿಗರಿಗೆ ಭಾರತೀಯ ದರ ಸಿಗುತ್ತದೆ ಅಂದುಕೊಳ್ಳಬೇಡಿ.

ಲಗೇಜ್ 15 ಕಿಲೋ, ಚೀಲ 10, ಕೈಚೀಲ 5. ತೂಗಿಯೇ ತೂಗುತ್ತಾರೆ. ಹೆಚ್ಚಾದರೆ ದುಡ್ಡು ಕೊಟ್ಟರೂ ಕೆಲವೊಮ್ಮೆ ಚೀಲ ಮುಂದಿನ ವಿಮಾನಕ್ಕೆ ಹೋಗುತ್ತದೆ, ಆ ಮುಂದಿನ ವಿಮಾನ ನಾಳೆಯದ್ದೂ ಆಗಬಹುದು. ಡೌನ್ ಜಾಕೆಟ್, ಔಷಧಿ, ಚಾರ್ಜರ್ ಕೈಚೀಲದಲ್ಲೇ ಇರಲಿ. ಮತ್ತೆ, ನೇಪಾಳದ ಗಡಿಯಾರ ನಮಗಿಂತ ಕಾಲು ಗಂಟೆ ಮುಂದೆ. ಮೊಬೈಲ್ ತಾನೇ ಬದಲಾಗುತ್ತದೆ, ಕೈಗಡಿಯಾರ ಆಗೋದಿಲ್ಲ.

ವಾಪಸಾತಿಯನ್ನು ಜನ ಮರೆಯುತ್ತಾರೆ. ಲುಕ್ಲಾದಿಂದ ಬರುವ ವಿಮಾನವೂ ಸೀಸನ್‌ನಲ್ಲಿ ಮಂಥಲಿಗೇ ಇಳಿಯುತ್ತದೆ, ಅಲ್ಲಿಂದ ಮತ್ತೆ ಅದೇ ರಸ್ತೆ. ಬೆಳಿಗ್ಗೆ ಲುಕ್ಲಾ, ಸಂಜೆ ಕಠ್ಮಂಡುವಿನಿಂದ ದೆಹಲಿ ವಿಮಾನ ಅಂತ ಟಿಕೆಟ್ ಮಾಡಿಟ್ಟವರಿದ್ದಾರೆ, ಹಾಗೆ ಮಾಡಬೇಡಿ. 2011ರ ನವೆಂಬರ್‌ನಲ್ಲಿ ಮೋಡ ಕವಿದು ಸಾವಿರಾರು ಜನ ಲುಕ್ಲಾದಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದಿದ್ದರು. ನಡುವೆ ಎರಡು ದಿನ ಖಾಲಿ ಬಿಡಿ, ಸಾಧ್ಯವಾದರೆ ಮೂರು. ಲುಕ್ಲಾ ತಲುಪಿದ ಮಧ್ಯಾಹ್ನವೇ ಲಾಡ್ಜ್‌ನವರ ಕೈಲಿ ಮರುದಿನದ ಟಿಕೆಟ್ ಖಚಿತ ಮಾಡಿಸಿ, ಎಷ್ಟನೇ ವಿಮಾನ ಅಂತ ಕೇಳಿ. ಏನೂ ಕೈಕೊಡದೆ ಆ ದಿನಗಳು ಉಳಿದುಬಿಟ್ಟರೆ ಕಠ್ಮಂಡುವಿನಲ್ಲಿ ಪಶುಪತಿನಾಥ ಇದೆ, ಪಕ್ಕದಲ್ಲೇ ಭಕ್ತಪುರ ಇದೆ, ಅಲ್ಲಿ ಮಡಕೆಯಲ್ಲಿ ಹೆಪ್ಪು ಹಾಕಿದ ಸಿಹಿಮೊಸರು ಸಿಗುತ್ತದೆ.